ತಿಕ್ಕಿದರೆ ಕೆಡುವ ಪಾತ್ರೆ: ಜಪಾನಿನ ಹಳೇ ಕಬ್ಬಿಣದ ಕೆಟಲ್

ಜಪಾನಿನ ಹಳೇ ಕಬ್ಬಿಣದ ಕೆಟಲ್ ಒಂದು ಕೈಗೆ ಸಿಕ್ಕಿತು ಅಂದುಕೊಳ್ಳಿ. ಮುಚ್ಚಳ ತೆಗೆದು ಒಳಗೆ ನೋಡುತ್ತೀರಿ. ತಳದಲ್ಲಿ ಬಿಳಿ ಕರೆ ಕಟ್ಟಿದೆ, ಅಲ್ಲಲ್ಲಿ ಕಂದು ಮಚ್ಚೆ. ‘ಅಯ್ಯೋ, ಎಷ್ಟು ವರ್ಷದಿಂದ ತೊಳೆದಿಲ್ಲವೋ’ ಅಂತ ಸೀದಾ ಸಿಂಕಿಗೆ ಒಯ್ದು ಸ್ಟೀಲ್ ನಾರು ಹಾಕಿ ಗಸಗಸ ತಿಕ್ಕುತ್ತೀರಿ. ಹತ್ತು ನಿಮಿಷದಲ್ಲಿ ಒಳಗೆಲ್ಲ ಲಕಲಕ. ಮಾರನೇ ದಿನ ಅದರಲ್ಲಿ ನೀರು ಕಾಯಿಸಿದರೆ ಕೆಂಪು ನೀರು ಬರುತ್ತದೆ. ಕೊಳೆ ಹೋಯಿತು ಅಂದುಕೊಂಡಿದ್ದಿರಿ. ಹೋಗಿದ್ದು ಕೆಟಲ್‌ನ ಚರ್ಮ.

ಈ ಕೆಟಲ್‌ಗಳನ್ನು ಜನ ಈಗ ಆಸೆಪಟ್ಟು ಕೊಂಡುತರುತ್ತಾರೆ. ಮನೆಯಲ್ಲಿ ಅಂದವಾಗಿ ಜೋಡಿಸಿಡುತ್ತಾರೆ. ಹೊರಗಿನ ಚಿತ್ತಾರ ನೋಡಿ ಮರುಳಾಗುವುದು ಸಹಜವೇ. ಆದರೆ ಇದರ ಗುಟ್ಟೆಲ್ಲ ಇರುವುದು ಮುಚ್ಚಳದ ಕೆಳಗೆ.

ಇದು ಚಹಾ ಮಾಡುವ ಪಾತ್ರೆ ಅಲ್ಲ

ಜಪಾನಿನಲ್ಲಿ ಇದಕ್ಕೆ ತೆತ್ಸುಬಿನ್ ಅಂತ ಹೆಸರು. ತೆತ್ಸು ಅಂದರೆ ಕಬ್ಬಿಣ, ಬಿನ್ ಅಂದರೆ ಶೀಶೆ. ಬೀಡುಕಬ್ಬಿಣದಲ್ಲಿ ಎರಕ ಹೊಯ್ದ ಗುಂಡು ಮೈ, ನಮ್ಮ ಗಿಂಡಿಯ ನೆನಪು ತರುವ ಮೂತಿ, ಮೇಲೆ ಕಮಾನಿನಂಥ ಹಿಡಿ. ಕೆಲಸ ಒಂದೇ, ನೀರು ಕಾಯಿಸುವುದು. ಚಹಾ ಎಲೆ ಇದರೊಳಗೆ ಬೀಳುವುದೇ ಇಲ್ಲ. ಕುದ್ದ ನೀರನ್ನು ಇದರಿಂದ ಬೇರೊಂದು ಚಿಕ್ಕ ಪಾತ್ರೆಗೆ ಬಗ್ಗಿಸಿ, ಅಲ್ಲಿ ಎಲೆ ನೆನೆಸುತ್ತಾರೆ. ಆ ಚಿಕ್ಕ ಪಾತ್ರೆಯ ಹೆಸರು ಕ್ಯೂಸು. ಹಾಲು, ಸಕ್ಕರೆ, ಪುಡಿ ಎಲ್ಲ ಒಟ್ಟಿಗೆ ಹಾಕಿ ಕುದಿಸುವ ನಮಗೆ ಇದು ಸುಮ್ನೆ ಎರಡು ಪಾತ್ರೆ ತೊಳೆಯೋ ಕೆಲಸ ಅನಿಸಬಹುದು. ಆದರೆ ಈ ವ್ಯತ್ಯಾಸ ಗೊತ್ತಿಲ್ಲದೆ ಮೋಸಹೋಗುವವರೇ ಜಾಸ್ತಿ.

ಯಾಕೆ ಅಂದರೆ, ಅಂಗಡಿಗಳಲ್ಲಿ ‘ತೆತ್ಸುಬಿನ್’ ಅಂತ ಚೀಟಿ ಹಚ್ಚಿ ಮಾರುವ ಎಷ್ಟೋ ಪಾತ್ರೆಗಳು ನಿಜಕ್ಕೂ ಕಬ್ಬಿಣದ ಕ್ಯೂಸುಗಳು. ಅವುಗಳ ಒಳಗೆ ಗಾಜಿನಂತೆ ಹೊಳೆಯುವ ಎನಾಮಲ್ ಲೇಪ ಇರುತ್ತದೆ, ಜೊತೆಗೆ ಸಾಮಾನ್ಯವಾಗಿ ಒಂದು ಸ್ಟೀಲ್ ಜಾಲರಿ. ನೀಲಿ, ಹಸಿರು, ಗುಲಾಬಿ ಬಣ್ಣಗಳಲ್ಲೂ ಸಿಗುತ್ತವೆ. ಅವು ಚೆನ್ನಾಗಿಯೇ ಇರುತ್ತವೆ, ತುಕ್ಕಿನ ರಗಳೆಯೂ ಕಡಿಮೆ. ಆದರೆ ಒಲೆಯ ಮೇಲೆ ಇಡುವಂತಿಲ್ಲ, ಲೇಪ ಬಿರುಕು ಬಿಟ್ಟು ಏಳುತ್ತದೆ. ಹಳೇ ಕಾಲದ ಕೆಟಲ್‌ನ ಒಳಗೆ ಈ ಹೊಳಪು ಇರುವುದಿಲ್ಲ. ಅಲ್ಲಿ ಮಬ್ಬು ಕಪ್ಪು, ಬೂದು, ಬಿಳಿ. ನೋಡಲು ಬಡಪಾಯಿ. ಅದೇ ಅಸಲಿ.

ಮೂತಿ ಎಲ್ಲಿಂದ ಬಂತು

ಜಪಾನಿನ ಪುಡಿ ಚಹಾದ ವಿಧಿಯಲ್ಲಿ ಬಳಸುವ ಕಬ್ಬಿಣದ ಪಾತ್ರೆಗೆ ಮೂತಿಯೂ ಇಲ್ಲ, ಹಿಡಿಯೂ ಇಲ್ಲ. ಅದು ಚಾಗಮ. ಬಿದಿರಿನ ಸೌಟಿನಲ್ಲಿ ನೀರು ತೋಡಿಕೊಳ್ಳಬೇಕು. 18ನೇ ಶತಮಾನದಲ್ಲಿ ಎಲೆ ಚಹಾದ, ಅಂದರೆ ಸೆಂಚಾದ ರೂಢಿ ಬೆಳೆಯಿತು. ಉಜಿ ಊರಿನ ಕಡೆಯ ನಗತಾನಿ ಸೋಎನ್ ಎಂಬ ಬೆಳೆಗಾರ 1738ರಲ್ಲಿ ಎಲೆಯನ್ನು ಹಬೆಯಲ್ಲಿ ಬೇಯಿಸಿ ಹೊಸೆದು ಒಣಗಿಸುವ ಪದ್ಧತಿ ರೂಪಿಸಿದ ಅಂತ ಚಹಾದ ಇತಿಹಾಸ ಹೇಳುತ್ತದೆ. ಈ ಚಹಾಕ್ಕೆ ವಿಧಿ ವಿಧಾನ ಕಡಿಮೆ, ಹರಟೆ ಜಾಸ್ತಿ. ನೀರು ಬಗ್ಗಿಸಲು ಮೂತಿ ಬೇಕು, ಎತ್ತಲು ಹಿಡಿ ಬೇಕು.

ಈ ಎರಡನ್ನೂ ಸೇರಿಸಿದ ಕೀರ್ತಿಯನ್ನು ಮೊರಿಓಕಾ ಊರಿನವರು ತಮ್ಮದು ಅನ್ನುತ್ತಾರೆ. ಮೊರಿಓಕಾ ಇರುವುದು ಜಪಾನಿನ ಈಶಾನ್ಯ ಭಾಗದ ಇವಾತೆ ಪ್ರಾಂತ್ಯದಲ್ಲಿ. ಅಲ್ಲಿ ಆಳುತ್ತಿದ್ದ ನಂಬು ಮನೆತನದ ದೊರೆ 1659ರಲ್ಲಿ ಕ್ಯೋಟೋದಿಂದ ಕೊಯಿಝುಮಿ ನಿಝಾಏಮೊನ್ ಎಂಬ ಎರಕದವನನ್ನು ಕರೆಸಿಕೊಂಡ. ಚಾಗಮ ಮಾಡಿಸುವುದಕ್ಕೆ. ಆ ಎರಕದವನ ವಂಶದ ಮೂರನೇ ತಲೆಯವನು ಚಾಗಮವನ್ನು ಸಣ್ಣದು ಮಾಡಿ ಅದಕ್ಕೆ ಮೂತಿ, ಹಿಡಿ ಹಚ್ಚಿದ. ನಂಬು ದೊರೆಗಳ ಹೆಸರೇ ಈ ಕಸುಬಿಗೂ ಉಳಿಯಿತು: ನಂಬು ತೆಕ್ಕಿ, ನಂಬು ಸೀಮೆಯ ಕಬ್ಬಿಣದ ಸಾಮಾನು. 1908ರಲ್ಲಿ ಯುವರಾಜ ಆ ಕಡೆ ಬಂದಾಗ ಎಂಟನೇ ನಿಝಾಏಮೊನ್ ಅವನ ಎದುರೇ ಎರಕ ಹೊಯ್ದು ತೋರಿಸಿದ. ಆಮೇಲೆ ದೇಶದ ತುಂಬ ಹೆಸರಾಯಿತು. 1975ರಲ್ಲಿ ಜಪಾನ್ ಸರ್ಕಾರ ಇದನ್ನು ಸಾಂಪ್ರದಾಯಿಕ ಕರಕುಶಲ ಅಂತ ಅಧಿಕೃತವಾಗಿ ಗುರುತಿಸಿತು.

ಆಲಿಕಲ್ಲು ಚುಚ್ಚುವ ಕೆಲಸ

ಹಳೇ ಕೆಟಲ್ ಅಂದ ಕೂಡಲೇ ಕಣ್ಣಿಗೆ ಬರುವುದು ಮೈತುಂಬ ಮೊಳೆತಲೆಯಂಥ ಉಬ್ಬು ಚುಕ್ಕಿಗಳು. ಇದಕ್ಕೆ ಅರಾರೆ ಅನ್ನುತ್ತಾರೆ, ಅಂದರೆ ಆಲಿಕಲ್ಲು. ಈ ಚುಕ್ಕಿ ಕಬ್ಬಿಣದ ಮೇಲೆ ಮಾಡಿದ್ದಲ್ಲ. ಮೊದಲು ಮಣ್ಣು, ಮರಳು ಕಲಸಿ ಅಚ್ಚು ಮಾಡುತ್ತಾರೆ. ಕೆಟಲ್‌ನ ಅರ್ಧ ಅಂಚಿನ ಆಕಾರಕ್ಕೆ ಕತ್ತರಿಸಿದ ಒಂದು ಹಲಗೆಯನ್ನು ಮಣ್ಣಿನೊಳಗೆ ಗರಗರ ತಿರುಗಿಸಿದರೆ ಟೊಳ್ಳು ಅಚ್ಚು ಸಿದ್ಧ. ಅದು ಹಸಿ ಇರುವಾಗಲೇ ಒಳಗೋಡೆಗೆ ಒಂದು ಮೊಂಡು ಕಡ್ಡಿಯಿಂದ ಒಂದೊಂದೇ ಗುಳಿ ಒತ್ತುತ್ತಾ ಹೋಗಬೇಕು. ಒಂದು ಕೆಟಲ್‌ಗೆ ಎರಡು, ಮೂರು ಸಾವಿರ ಗುಳಿ. ಮೈ ಗುಂಡಗಿರುವುದರಿಂದ ಮೇಲೆ ಹೋದಂತೆ ಸುತ್ತು ಕಿರಿದಾಗುತ್ತದೆ, ಗುಳಿಯೂ ಚಿಕ್ಕದಾಗಬೇಕು. ಇಲ್ಲದಿದ್ದರೆ ಸಾಲು ತಪ್ಪುತ್ತದೆ.

ಹಾಗಾಗಿ ಕೈಕೆಲಸದ ಅರಾರೆಯನ್ನು ಹತ್ತಿರದಿಂದ ನೋಡಿದರೆ ಚುಕ್ಕಿಗಳಲ್ಲಿ ಒಂಚೂರು ಹೆಚ್ಚುಕಮ್ಮಿ ಸಿಗುತ್ತದೆ. ಒಂದು ತುಸು ಆಳ, ಪಕ್ಕದ್ದು ತುಸು ವಾಲಿದ್ದು. ರಂಗೋಲಿಯ ಚುಕ್ಕಿ ಇಟ್ಟವರಿಗೆ ಇದು ತಕ್ಷಣ ಕಾಣುತ್ತದೆ. ಒಂದೇ ಮಾದರಿಯಿಂದ ಯಂತ್ರದಲ್ಲಿ ತೆಗೆದ ಕೆಟಲ್‌ನಲ್ಲಿ ಎಲ್ಲ ಚುಕ್ಕಿಯೂ ಪಾಠ ಒಪ್ಪಿಸಿದ ಹಾಗೆ ಒಂದೇ ತರಹ ಇರುತ್ತವೆ. ಎತ್ತಿ ನೋಡಿದರೆ ಭಾರವೂ ಜಾಸ್ತಿ, ಏಕೆಂದರೆ ಗೋಡೆ ದಪ್ಪ. ಕೈ ಅಚ್ಚಿನ ಒಳ್ಳೇ ಕೆಟಲ್‌ನ ಗೋಡೆ ಎರಡು, ಮೂರು ಮಿಲಿಮೀಟರ್ ಅಷ್ಟೇ.

ಅಚ್ಚು ಸುಟ್ಟು ಗಟ್ಟಿಯಾದ ಮೇಲೆ ನಡುವೆ ಮಣ್ಣಿನ ಗಡ್ಡೆಯೊಂದನ್ನು ಇಳಿಬಿಟ್ಟು, ಸುತ್ತ ಉಳಿದ ಸಂದಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಬೀಡುಕಬ್ಬಿಣದಲ್ಲಿ ನೂರಕ್ಕೆ ಮೂರು, ನಾಲ್ಕು ಪಾಲು ಇಂಗಾಲ ಇರುವುದರಿಂದ ಅದು ಸುಮಾರು 1,200 ಡಿಗ್ರಿಗೇ ಕರಗುತ್ತದೆ, ಸಣ್ಣ ಸಂದಿಗೂ ನೀರಿನಂತೆ ಹರಿಯುತ್ತದೆ. ಅದೇ ಇಂಗಾಲದಿಂದ ಲೋಹಕ್ಕೆ ಬಳುಕುವ ಗುಣ ಇಲ್ಲ. ಕೈತಪ್ಪಿ ಬಿದ್ದರೆ ನೆಗ್ಗುವುದಿಲ್ಲ, ಸೀಳುತ್ತದೆ. ಕಾದ ಖಾಲಿ ಕೆಟಲ್‌ಗೆ ತಣ್ಣೀರು ಸುರಿದರೂ ಅಷ್ಟೇ. ಮನೆಯಲ್ಲಿ ಬೀಡಿನ ದೋಸೆ ಕಾವಲಿ ಒಡೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಿಡಿಯ ಬಗ್ಗೆ ಒಂದು ಮಾತು. ಒಳ್ಳೇ ಕೆಟಲ್‌ಗಳ ಹಿಡಿ ಗಟ್ಟಿ ಸರಳಲ್ಲ. ಕಬ್ಬಿಣದ ತಗಡನ್ನು ಬಡಿದು ಸುರುಳಿ ಮಾಡಿದ ಟೊಳ್ಳು ಕೊಳವೆ. ಟೊಳ್ಳಾದ್ದರಿಂದ ಬೇಗ ಬಿಸಿ ಏರುವುದಿಲ್ಲ. ಇದನ್ನು ಮಾಡುವವರು ಎರಕದವರಲ್ಲ, ಹಿಡಿಯದೇ ಬೇರೆ ಕಮ್ಮಾರರು. ಕೆಲವರು ಅದರಲ್ಲಿ ಹುಳ ತಿಂದ ಮರದ ಹಾಗೆ ಬೇಕಂತಲೇ ತೂತು ಬಿಡುತ್ತಾರೆ. ‘ಡ್ಯಾಮೇಜ್ ಇದೆ, ರೇಟ್ ಕಮ್ಮಿ ಮಾಡಿ’ ಅಂತ ಚೌಕಾಸಿಗೆ ಇಳಿಯುವ ಮುಂಚೆ ಇದು ಗೊತ್ತಿರಲಿ.

ಕರಿ ತುಕ್ಕು, ಕೆಂಪು ತುಕ್ಕು

ಇನ್ನು ಮುಖ್ಯ ವಿಷಯ. ಬರೀ ಕಬ್ಬಿಣದಲ್ಲಿ ದಿನಾ ನೀರು ಕಾಯಿಸಿದರೆ ತುಕ್ಕು ಹಿಡಿಯಬೇಕು. ಒಳಗೆ ಬಣ್ಣವಿಲ್ಲ, ಎನಾಮಲ್ ಇಲ್ಲ. ಆದರೂ ನೂರು ವರ್ಷ ಹೇಗೆ ಉಳಿಯಿತು?

ಮೊರಿಓಕಾದವರ ಉತ್ತರ: ಮೊದಲೇ ತುಕ್ಕು ಹಿಡಿಸಿಬಿಡು, ಆದರೆ ಒಳ್ಳೇ ತುಕ್ಕು. ಎರಕದಿಂದ ತೆಗೆದ ಕೆಟಲ್ಲನ್ನು ಇದ್ದಿಲ ಬೆಂಕಿಯಲ್ಲಿ 800ರಿಂದ 1,000 ಡಿಗ್ರಿವರೆಗೆ ಕೆಂಪಗೆ ಕಾಯಿಸುತ್ತಾರೆ. ಆಗ ಮೇಲ್ಮೈಯ ಕಬ್ಬಿಣ ಆಮ್ಲಜನಕದೊಂದಿಗೆ ಸೇರಿ ಮ್ಯಾಗ್ನಟೈಟ್ ಎಂಬ ಕಪ್ಪು ಪೊರೆ ಆಗುತ್ತದೆ. ಈ ಹಂತಕ್ಕೆ ಕನಕೆದೋಮೆ ಅಂತ ಹೆಸರು, ಕಬ್ಬಿಣದ ವಾಸನೆ ತಡೆಯುವುದು ಅಂತ ಅರ್ಥ.

ಎರಡು ಬಗೆಯ ತುಕ್ಕಿನ ವ್ಯತ್ಯಾಸ ತಿಳಿಯಲು ನಾವು ಜಪಾನಿಗೆ ಹೋಗಬೇಕಿಲ್ಲ. ಬಳ್ಳಾರಿ, ಸಂಡೂರಿನ ಕೆಂಪು ಮಣ್ಣು ನೆನಪಿಸಿಕೊಳ್ಳಿ. ಆ ಅದಿರು ಹೆಮಟೈಟ್, ಕೆಂಪು ತುಕ್ಕಿನ ಹತ್ತಿರದ ನೆಂಟ. ಕುದುರೆಮುಖದಲ್ಲಿ ತೆಗೆಯುತ್ತಿದ್ದದ್ದು ಮ್ಯಾಗ್ನಟೈಟ್, ಕಪ್ಪು, ಅಯಸ್ಕಾಂತಕ್ಕೆ ಅಂಟುತ್ತದೆ. ಎರಡೂ ಕಬ್ಬಿಣ ಮತ್ತು ಆಮ್ಲಜನಕವೇ, ಕೂಡಿಕೆಯ ಲೆಕ್ಕ ಮಾತ್ರ ಬೇರೆ. ಕೆಂಪು ತುಕ್ಕು ಸಡಿಲ. ಪುಡಿಪುಡಿ ಉದುರುತ್ತದೆ, ಸಂದಿಯಲ್ಲಿ ನೀರು ನುಗ್ಗಿ ಒಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಕಾಯಿಸಿ ಬರಿಸಿದ ಕಪ್ಪು ಪೊರೆ ಬಿಗಿಯಾಗಿ ಅಂಟಿಕೊಂಡು ನೀರನ್ನು ಹೊರಗೇ ನಿಲ್ಲಿಸುತ್ತದೆ. ಈ ಪೊರೆಯನ್ನೇ ಸ್ಟೀಲ್ ನಾರು ಕಿತ್ತು ಹಾಕುವುದು.

ಅದರ ಮೇಲೆ ಎರಡನೇ ಕಾವಲು ಬಿಳಿ ಕರೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕುದಿಯುವಾಗ ತೆಳ್ಳಗೆ ಕೂರುತ್ತದೆ. ಗೀಸರ್ ಕಾಯಿಲ್ ಮೇಲೆ, ಬಚ್ಚಲ ಹಂಡೆಯ ಒಳಗೆ ಕಟ್ಟುವುದು ಇದೇ. ನಾವು ಅದನ್ನು ಬೈಯುತ್ತೇವೆ. ತೆತ್ಸುಬಿನ್ ಇಟ್ಟುಕೊಂಡವರು ಅದನ್ನು ಯುಆಕ ಅಂತ ಕರೆದು ಜೋಪಾನ ಮಾಡುತ್ತಾರೆ. ಜಪಾನಿನ ನೀರು ಬಹುತೇಕ ಕಡೆ ಮೆದು. ಈ ಪದರ ಬರಲು ಬಹಳ ಕಾಲ ಹಿಡಿಯುತ್ತದೆ. ಅದಕ್ಕೇ ಖನಿಜ ಹೆಚ್ಚಿರುವ ಬಾಟಲಿ ನೀರು ಕೊಂಡುತಂದು ಕುದಿಸುವವರೂ ಉಂಟು. ಬೆಂಗಳೂರಿನ ಬೋರ್ ನೀರು ಕಂಡರೆ ಅವರು ಕೊಡ ಹಿಡಿದು ಬರುತ್ತಿದ್ದರೇನೋ. ಒಂದು ವಿಷಯದಲ್ಲಾದರೂ ನಮ್ಮ ಗಡಸು ನೀರಿಗೆ ಬೆಲೆ ಬಂತು!

ಪೊರೆ ಹರಿದು ಕೆಂಪು ನೀರು ಬರತೊಡಗಿದರೆ ಮದ್ದು ಚಹಾ ಎಲೆಯಲ್ಲೇ ಇದೆ. ಎಲೆ ಒಳಗೆ ಬೀಳುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ, ಇದೊಂದು ಮಾತ್ರ ವಿನಾಯಿತಿ. ಕಬ್ಬಿಣದ ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಹೋಳು, ಬೆರಳು ಎರಡೂ ಕಪ್ಪಾಗುತ್ತವೆ, ಅಲ್ವಾ? ಬಾಳೆಕಾಯಿಯ ಚೊಗರು, ಅಂದರೆ ಟ್ಯಾನಿನ್, ಕಬ್ಬಿಣದೊಂದಿಗೆ ಸೇರಿ ಹುಟ್ಟುವ ಕಪ್ಪು ಅದು. ಚಹಾ ಎಲೆಯಲ್ಲೂ ಅದೇ ಚೊಗರು. ಒಂದು ಹಿಡಿ ಹಸಿರು ಚಹಾ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಕೆಟಲ್‌ನ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಬೇಕು. ನೀರು ಮಸಿಯ ಹಾಗೆ ಆಗುತ್ತದೆ. ಚೆಲ್ಲಿ, ಇನ್ನೊಂದೆರಡು ಸಲ ಹಾಗೇ ಮಾಡಬೇಕು. ಆಮೇಲೆ ಬರೀ ನೀರು ಕುದಿಸಿ ಚೆಲ್ಲುತ್ತಾ ತಿಳಿ ಬರುವ ತನಕ ಕಾಯಬೇಕು. ಮಚ್ಚೆ ಹೋಗುವುದಿಲ್ಲ, ಕಪ್ಪಾಗಿ ಅಲ್ಲೇ ಕೂರುತ್ತದೆ. ಕುದಿಸಿದ ನೀರು ತಿಳಿಯಾಗಿದ್ದರೆ ಒಳಗಿನ ಮಚ್ಚೆಗೆ ತಲೆ ಕೆಡಿಸಿಕೊಳ್ಳಬೇಡಿ ಅಂತಲೇ ಅಲ್ಲಿನ ಕಸುಬಿನವರೂ ಹೇಳುವುದು.

ಕ್ಯೋಟೋದ ಮೇಣ, ಮುಚ್ಚಳದ ಹೆಸರು

ಸಂಗ್ರಹಕಾರರ ಲೋಕದಲ್ಲಿ ಇನ್ನೊಂದು ದಾರಿ ಇದೆ. ಮೊರಿಓಕಾದ ಕೆಟಲ್ ಗಟ್ಟಿಮುಟ್ಟು, ಕಬ್ಬಿಣದ್ದೇ ಮುಚ್ಚಳ, ಚುಕ್ಕಿ ಚಿತ್ತಾರ. ಕ್ಯೋಟೋದ್ದು ನಾಜೂಕು. ಅಲ್ಲಿ ರ್ಯೂಬುಂದೋ ಎಂಬ ಮನೆತನ ಮೇಣದ ಎರಕದಲ್ಲಿ ಹೆಸರು ಮಾಡಿತು. ಮೊದಲು ಮೇಣದಲ್ಲಿ ಕೆಟಲ್ ಮಾಡಿ, ಸುತ್ತ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಜಾಗಕ್ಕೆ ಲೋಹ ಸುರಿಯುವುದು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ವಿಗ್ರಹ ಹೊಯ್ಯಲು ವಿವರಿಸಿದ ವಿಧಾನವೂ ಇದೇ ಜಾತಿಯದು. ಮೇಣದ ಮೇಲೆ ಏನು ಬೇಕಾದರೂ ಬಿಡಿಸಬಹುದು. ಹಾಗಾಗಿ ಕ್ಯೋಟೋ ಕೆಟಲ್‌ಗಳ ಮೈಮೇಲೆ ಬೆಟ್ಟ, ಗುಡಿಸಲು, ಪೈನ್ ಮರ ಎದ್ದು ನಿಲ್ಲುತ್ತವೆ. ಕೆಲವದರ ಮೇಲೆ ಬೆಳ್ಳಿ ಕೂರಿಸಿರುತ್ತಾರೆ. ಮುಚ್ಚಳ ಹೆಚ್ಚಾಗಿ ತಾಮ್ರ ಇಲ್ಲವೇ ಕಂಚಿನದು, ಒಳಮುಖದಲ್ಲಿ ಮನೆತನದ ಹೆಸರು. ರ್ಯೂಬುಂದೋದಲ್ಲಿ ಕಲಿತ ಹತಾನೋ ಶೋಹೆಯ್ ಬಿವಾ ಸರೋವರದ ಪೂರ್ವಕ್ಕೆ ಹೋಗಿ ಕಿಬುಂದೋ ಎಂಬ ತನ್ನದೇ ಎರಕದ ಮನೆ ಕಟ್ಟಿದ. ಅವನ ಕೆಟಲ್‌ಗಳು ಈಗ ಅತಿ ದುಬಾರಿ ಸಾಲಿನವು.

ಇಲ್ಲೇ ಎಡವುವುದು. ಒಂದೇ ಹೆಸರನ್ನು ಹಲವು ತಲೆಮಾರಿನವರು ಬಳಸಿದ್ದಾರೆ, ಹೆಸರು ಕಂಡ ಮಾತ್ರಕ್ಕೆ ವಯಸ್ಸು ಗೊತ್ತಾಗುವುದಿಲ್ಲ. ಮುಚ್ಚಳ ಬದಲಾಯಿಸುವುದಂತೂ ಸುಲಭ: ಸಾಧಾರಣ ಕೆಟಲ್‌ಗೆ ದೊಡ್ಡ ಹೆಸರಿನ ಮುಚ್ಚಳ. 2000ದ ನಂತರ ಚೀನಾ, ತೈವಾನಿನ ಚಹಾಪ್ರಿಯರು ಹಳೇ ಕೆಟಲ್‌ಗಳ ಮೇಲೆ ಮುಗಿಬಿದ್ದರು, ಬೆಲೆ ಏರಿತು, ಏರಿದ ಕೂಡಲೇ ನಕಲಿಗಳೂ ಬಂದವು. ಹಾಗಾಗಿ ಹೆಸರು ಓದುವುದಕ್ಕಿಂತ ಮೊದಲು ಮುಚ್ಚಳ ಬಾಯಿಗೆ ಸರಿಯಾಗಿ ಕೂರುತ್ತದೆಯೇ, ಎರಡರ ಮೇಲೂ ಕಾಲದ ಬಣ್ಣ ಒಂದೇ ಹದದಲ್ಲಿ ಇದೆಯೇ ಅಂತ ನೋಡಬೇಕು.

ವಯಸ್ಸಿನ ವಿಷಯ. ‘ಮುನ್ನೂರು ವರ್ಷದ್ದು ಸಾರ್’ ಅಂದರೆ ನಕ್ಕು ಮುಂದೆ ಹೋಗಿ. ಮಾರುಕಟ್ಟೆಯಲ್ಲಿ ಓಡಾಡುವ ಹಳೇ ಕೆಟಲ್‌ಗಳಲ್ಲಿ ಹೆಚ್ಚಿನವು ಮೇಜಿ (1868–1912), ತೈಶೋ (1912–1926) ಕಾಲದವು, ಇಲ್ಲವೇ ಅದರ ಆಸುಪಾಸಿನವು. ಮನೆಮನೆಯಲ್ಲೂ ಇದ್ದ ಪಾತ್ರೆ ಅದು, ಆದರೂ ಬಹಳಷ್ಟು ಉಳಿಯಲಿಲ್ಲ. 1941ರಲ್ಲಿ ಜಪಾನ್ ಸರ್ಕಾರ ಯುದ್ಧಕ್ಕಾಗಿ ಲೋಹ ಒಪ್ಪಿಸುವ ಆಜ್ಞೆ ಹೊರಡಿಸಿತು. ದೇವಾಲಯದ ಗಂಟೆಗಳ ಜೊತೆ ಅಡುಗೆಮನೆಯ ಕಬ್ಬಿಣವೂ ಕುಲುಮೆಗೆ ಹೋಯಿತು. ಉಳಿದವನ್ನು ಯುದ್ಧದ ನಂತರ ಅಲ್ಯೂಮಿನಿಯಂ ಕೆಟಲ್, ಗ್ಯಾಸ್ ಒಲೆ, ಥರ್ಮಾಸ್ ಮೂಲೆಗೆ ತಳ್ಳಿದವು.

ಕೊಳ್ಳುವಾಗ, ಮನೆಗೆ ತಂದಾಗ

ನಾನಾದರೆ ಫೋಟೋದಲ್ಲಿ ಮೊದಲು ಕೇಳುವುದು ಒಳಗಿನ ತಳದ ಚಿತ್ರ. ಬಿಳಿ ಪದರ, ಚದುರಿದ ಕಂದು ಮಚ್ಚೆ ಇದ್ದರೆ ಖುಷಿ. ಚಕ್ಕೆ ಚಕ್ಕೆ ಏಳುತ್ತಿರುವ ಕೆಂಪು ತುಕ್ಕು ಇದ್ದರೆ ಬೇಡ. ತೀರಾ ಹೊಚ್ಚಹೊಸ ಬೆಳ್ಳಿ ಬಣ್ಣ ಇದ್ದರೆ ಅನುಮಾನ: ಯಾರೋ ತಿಕ್ಕಿದ್ದಾರೆ, ಇಲ್ಲವೇ ಪೇಂಟ್ ಬಳಿದಿದ್ದಾರೆ. ಬೆಸುಗೆ ಹಾಕಿದ ಗುರುತು ಇದ್ದರೆ ಆ ನೀರು ಕುಡಿಯಬೇಡಿ. ಹಳೇ ಬೆಸುಗೆಯಲ್ಲಿ ಸೀಸ ಇರಬಹುದು. ಅಂಥದ್ದು ಶೋಕೇಸಿಗೆ ಮಾತ್ರ. ಸೋರುತ್ತದೆಯೇ ನೋಡಲು ನೀರು ತುಂಬಿ ಪೇಪರ್ ಮೇಲೆ ಒಂದು ರಾತ್ರಿ ಇಟ್ಟರೆ ಸಾಕು.

ಕೆಲವು ಕೆಟಲ್‌ಗಳ ತಳದಲ್ಲಿ ಒಳಗಡೆ ಸಣ್ಣ ಕಬ್ಬಿಣದ ಚೂರುಗಳು ಅಂಟಿಕೊಂಡಿರುತ್ತವೆ. ಎರಕದ ದೋಷ ಅಂತ ಕೆರೆಯಲು ಹೋಗಬೇಡಿ. ಅವನ್ನು ಬೇಕಂತಲೇ ಉರುಶಿ ಮರದ ಅಂಟಿನಲ್ಲಿ ಅಂಟಿಸಿರುತ್ತಾರೆ. ನೀರು ಕಾಯುವಾಗ ಅವುಗಳ ಅಡಿಯಿಂದ ಗುಳ್ಳೆ ಹೊರಟು ಸುಯ್ ಅನ್ನುವ ಸದ್ದು ಬರುತ್ತದೆ. ಚಾಗಮದಿಂದ ಬಂದ ಚಾಳಿ ಇದು. ಆ ಸದ್ದನ್ನು ಜಪಾನಿನವರು ಪೈನ್ ಮರಗಳ ನಡುವೆ ಬೀಸುವ ಗಾಳಿಗೆ ಹೋಲಿಸಿ ಮತ್ಸುಕಝೆ ಅನ್ನುತ್ತಾರೆ.

ಬಳಸುವುದಾದರೆ ಸಣ್ಣ ಉರಿ, ಜ್ವಾಲೆ ತಳ ದಾಟಿ ಮೇಲೇರಬಾರದು. ಹಳೆಯದನ್ನು ಇಂಡಕ್ಷನ್ ಮೇಲೆ ಇಡದಿರುವುದೇ ಕ್ಷೇಮ, ತಳ ದಿಢೀರನೆ ಕಾದು ಬಿರಿಯಬಹುದು. ಕೆಲಸ ಮುಗಿದ ಕೂಡಲೇ ಬಿಸಿ ಇರುವಾಗಲೇ ನೀರೆಲ್ಲ ಬಗ್ಗಿಸಿ ಮುಚ್ಚಳ ತೆಗೆದಿಡಿ, ಉಳಿದ ಕಾವಿಗೇ ಒಣಗುತ್ತದೆ. ಒಳಗೆ ಬಟ್ಟೆ, ಬೆರಳು ಯಾವುದೂ ಬೇಡ. ಹೊರಮೈಗೆ, ಬೆಚ್ಚಗಿರುವಾಗ, ತೆಳು ಚಹಾದಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಹಿತ್ತಾಳೆ ದೀಪಕ್ಕೆ ಹಚ್ಚುವ ಹುಣಸೆಹಣ್ಣು, ನಿಂಬೆಹಣ್ಣು ಇದರ ಹತ್ತಿರವೂ ಬರಬಾರದು. ಆ ಹುಳಿ ಕಪ್ಪು ಪೊರೆಯನ್ನೇ ಕರಗಿಸುತ್ತದೆ. ಕಾವಲಿಗೆ ಹಚ್ಚುವಂತೆ ಎಣ್ಣೆ ಹಚ್ಚಿ ಪಳಗಿಸುವುದೂ ಬೇಡ, ನೀರಿನ ಮೇಲೆ ಜಿಡ್ಡು ತೇಲುತ್ತದೆ.

ಬರೀ ಅಂದಕ್ಕೆ ಇಡುವುದಾದರೆ ಬೆಳಕು ಪಕ್ಕದಿಂದ ಬೀಳುವ ಜಾಗ ಹುಡುಕಿ. ನೇರ ಬೆಳಕಿನಲ್ಲಿ ಅರಾರೆ ಕಪ್ಪು ಮುದ್ದೆಯಾಗಿ ಕಾಣುತ್ತದೆ, ಪಕ್ಕದ ಬೆಳಕಿನಲ್ಲಿ ಒಂದೊಂದು ಚುಕ್ಕಿಗೂ ನೆರಳು ಬರುತ್ತದೆ. ಜಪಾನಿನ ಹಳ್ಳಿಮನೆಗಳಲ್ಲಿ ಇದು ನಡುಮನೆಯ ಒಲೆಗುಂಡಿಯ ಮೇಲೆ, ಸೂರಿನಿಂದ ಇಳಿಬಿಟ್ಟ ಕೊಕ್ಕೆಯಲ್ಲಿ ತೂಗುತ್ತಿತ್ತು. ಆ ಕೊಕ್ಕೆಯ ಎತ್ತರ ಹೊಂದಿಸುವ ಅಡ್ಡಮರವನ್ನು ಎಷ್ಟೋ ಕಡೆ ಮೀನಿನ ಆಕಾರದಲ್ಲಿ ಕೆತ್ತುತ್ತಿದ್ದರು. ಮೀನು ನೀರಿನದು, ಮನೆಗೆ ಬೆಂಕಿ ತಾಗದಂತೆ ಕಾಯಲಿ ಅಂತ. ಅಂಥ ಕೊಕ್ಕೆ ಸಿಕ್ಕಿದರೆ ತೂಗುಹಾಕಬಹುದು. ಸಿಗದಿದ್ದರೆ ಒಂದು ಮರದ ಹಲಗೆ ಸಾಕು, ಸುತ್ತ ಏನೂ ಇಡದೆ.

ಕರಾವಳಿ, ಮಲೆನಾಡಿನವರಿಗೆ ಮಾತ್ರ ಇನ್ನೊಂದು ಎಚ್ಚರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ನೆ ಇಟ್ಟ ಕೆಟಲ್‌ಗೂ ಒಳಗಿಂದ ತುಕ್ಕು ಏರುತ್ತದೆ. ಆ ನಾಲ್ಕು ತಿಂಗಳು ಮುಚ್ಚಳವನ್ನು ಓರೆ ಮಾಡಿ ಇಡಿ, ಇಲ್ಲವೇ ವಾರಕ್ಕೊಮ್ಮೆ ಒಂದು ಲೋಟ ನೀರು ಕುದಿಸಿ ಬಗ್ಗಿಸಿ ಒಣಗಿಸಿ. ಆ ಬಿಸಿನೀರನ್ನು ಚೆಲ್ಲಬೇಕಾಗಿಯೂ ಇಲ್ಲ, ಮಳೆಗಾಲ ಅಲ್ವಾ.